ಹಾಳೂರಿಗೆ ಕಂದೀಲು ಒಯ್ಯುವವಳು

ಇಂಡಿ ಪೇಟೆಯಲ್ಲಿ ಭುವನೇಶ್ವರಿಯಷ್ಟು ಅಂಜುಬುರುಕಿ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳಷ್ಟು ಹಾಳೂರು ಸುತ್ತಿದವಳೂ ಇರಲಿಲ್ಲ. ಈ ಎರಡೂ ಒಂದೇ ಮೈಯಲ್ಲಿ ಹೇಗೆ ಸಂಸಾರ ಮಾಡಿದವು ಎಂದು ಕೇಳಿದರೆ, ಕಾರಣ ಅವಳ ಗಂಡ ಶ್ರೀಶೈಲ.

ಶ್ರೀಶೈಲನದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ. ಮದುವೆ, ಬಸುರಿಯರ ಕುಬಸ, ಪರೀಕ್ಷೆಗೆ ಕಟ್ಟುವ ಹುಡುಗರ ಪಾಸ್‌ಪೋರ್ಟ್ ಫೋಟೋ. ವಾರವಿಡೀ ಜನರಿಗೆ "ಸ್ವಲ್ಪ ನಗ್ರಿ, ಅಲುಗಬ್ಯಾಡ್ರಿ" ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿರುತ್ತಿತ್ತು. ಆದ್ದರಿಂದ ರವಿವಾರ ಬಂತೆಂದರೆ ನಗದ, ಅಲುಗದ ವಸ್ತುಗಳ ಬೆನ್ನು ಹತ್ತುತ್ತಿದ್ದ. ಬಿದ್ದ ವಾಡೆ, ಊರ ಕಾವಲಿನ ಒಡೆದ ಹುಡೇವು, ದೇವರಿಲ್ಲದ ಗುಡಿ, ಪ್ಲೇಗಿಗೋ ದರೋಡೆಗೋ ಅಂಜಿ ಜನ ಬಿಟ್ಟುಹೋದ ಊರು, ಇಂಥವು. ಸಿಂದಗಿ ಕಡೆ ಹೋದರೆ ದೇವಣಗಾಂವದ ತನಕ ಭೀಮಾ ನದಿ ದಂಡೆಗುಂಟ ಎಲ್ಲೆಲ್ಲಿ ಕಲ್ಲು ಬಿದ್ದಿವೆ ಎಂದು ಅವನಿಗೆ ಗೊತ್ತಿತ್ತು. ಮನೆಯ ಅಟ್ಟದ ಮೇಲೆ ಹೆಂಚು ಒಡೆದು ಸೋರುವುದು ಮಾತ್ರ ಗೊತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಭುವನೇಶ್ವರಿ ಮನೆಯಲ್ಲೇ ಉಳಿಯುತ್ತಿದ್ದಳು. ಉಳಿದು ಏನು ಮಾಡುತ್ತಿದ್ದಳು? ಬೆಳಗಿನಿಂದ ಸಂಜೆಯ ತನಕ ಗಂಡನನ್ನು ಮನಸ್ಸಿನಲ್ಲೇ ಕೊಲ್ಲುತ್ತಿದ್ದಳು. ಒಮ್ಮೆ ಹಾವು ಕಚ್ಚಿಸುತ್ತಿದ್ದಳು, ಒಮ್ಮೆ ಗೋಡೆ ಕೆಡವುತ್ತಿದ್ದಳು, ಒಮ್ಮೆ ಜೇನು ಎಬ್ಬಿಸುತ್ತಿದ್ದಳು. ಸಂಜೆ ಅವನು ರಾಜದೂತ ಮೋಟಾರು ನಿಲ್ಲಿಸಿ ಧೂಳು ಕೊಡವಿ ಒಳಗೆ ಬಂದರೆ ಇವಳಿಗೆ ಮೈಯಲ್ಲಿ ತ್ರಾಣವೇ ಇರುತ್ತಿರಲಿಲ್ಲ. ಕಡೆಗೆ ಒಂದು ರವಿವಾರ, ಇಲ್ಲಿ ಕುಳಿತು ಅಂಜುವುದಕ್ಕಿಂತ ಅಲ್ಲೇ ನಿಂತು ಅಂಜುವುದು ಲೇಸು ಎಂದುಕೊಂಡು ಸೆರಗು ಬಿಗಿದು ಹಿಂದಿನ ಸೀಟಿನಲ್ಲಿ ಕುಳಿತಳು. ಮಗಳು ಹುಟ್ಟಿದ ಮೇಲೂ ಅದು ನಿಲ್ಲಲಿಲ್ಲ. ಕೂಸನ್ನು ಅತ್ತೆ ಇಂದುಬಾಯಿಯ ಮಡಿಲಿಗೆ ಹಾಕಿ ಹೊರಡುತ್ತಿದ್ದಳು. ಅತ್ತೆ ಗೊಣಗುತ್ತಿದ್ದಳು, "ಹುಚ್ಚಗ ಹುಚ್ಚಿನ ಗಂಟ ಬಿದ್ದಾಳ."

ಅವಳ ಚೀಲದಲ್ಲಿ ಸದಾ ಕೆಲವು ವಸ್ತು ಇರುತ್ತಿದ್ದವು. ಸುಣ್ಣ, ಈರುಳ್ಳಿ, ಹರಿದ ಪಂಚೆಯ ಪಟ್ಟಿ, ಕಡ್ಡಿಪೆಟ್ಟಿಗೆ, ಒಳ್ಳೆಣ್ಣೆಯ ಸಣ್ಣ ಬಾಟಲಿ, ಮತ್ತೆ ತವರಿನಿಂದ ತಂದ ಒಂದು ಕಂದೀಲು. ಹಾಡುಹಗಲಲ್ಲಿ ಕಂದೀಲು ಹೊತ್ತು ಹೊರಟವಳನ್ನು ಕಂಡು ಶ್ರೀಶೈಲ ನಗುತ್ತಿದ್ದ. "ಸೂರ್ಯಾ ಕಾಣಸಲಿಕ್ಕಿಲ್ಲಂತ ತಂದೀಯೇನ?" ಅವಳು ಕಂದೀಲಿನ ಗಾಜು ಒರೆಸುತ್ತಿದ್ದಳು.

ಕಂದೀಲಿಗೆ ಎರಡು ಕೆಲಸವಿದ್ದವು. ಜನ ಇಲ್ಲದ ಊರನ್ನು ಕಂದಾಯದ ಕಾಗದದಲ್ಲಿ ಬೇಚಿರಾಕ್ ಎಂದು ಬರೆಯುತ್ತಾರೆ, ದೀಪವಿಲ್ಲದ್ದು ಎಂದು ಅರ್ಥ. ಭುವನೇಶ್ವರಿಗೆ ಆ ಮಾತೇ ಸೇರುತ್ತಿರಲಿಲ್ಲ. ಹಾಗಾಗಿ ಯಾವ ಹಾಳೂರಿಗೆ ಹೋದರೂ ಮೊದಲು ಅಲ್ಲಿಯ ಹನುಮಪ್ಪನ ಗುಡಿ ಹುಡುಕಿ, ಕಂದೀಲಿನಿಂದ ಬತ್ತಿ ಹೊತ್ತಿಸಿ ಗೋಡೆಯ ಮಾಡದಲ್ಲಿ ಒಂದು ದೀಪ ಇಟ್ಟು ಬರುತ್ತಿದ್ದಳು. ಎರಡನೆಯ ಕೆಲಸ ಹಗೇವಿನದು.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡ ಗಡಿಗೆಯ ಹಾಗೆ. ಒಳಗೆ ಹೊಟ್ಟು ಹಾಸಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದ ಕೂಡಲೇ ಮಾತ್ರ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಮೊದಲು ಕಂದೀಲು ಇಳಿಬಿಟ್ಟು ನೋಡಬೇಕು, ದೀಪ ಬದುಕಿದರೆ ಮನುಷ್ಯ ಬದುಕುತ್ತಾನೆ.

ಭುವನೇಶ್ವರಿಯ ತವರು ಹೊರ್ತಿ. ಅವಳು ಚಿಕ್ಕವಳಿದ್ದಾಗ ಅಂಗಳದ ಹಗೇವು ತೆರೆದ ದಿನ ಕಾಕಾ ಅವಸರ ಮಾಡಿ ಇಳಿದ. ಇಳಿದವನು ಮಾತಾಡಲಿಲ್ಲ. ಅಪ್ಪ ಬಾಯಿಯ ಹತ್ತಿರ ಇಳಿಯಲೋ ಬೇಡವೋ ಎಂದು ನಿಂತಿದ್ದ. ಅವ್ವ ಸಿದ್ದಲಿಂಗವ್ವ ಎದೆ ಬಡಿದುಕೊಂಡು ಕೂಗಿದಳು, "ಒಡಹುಟ್ಟಿದ ತಮ್ಮ ಒಳಗ ಬಿದ್ದಾನ, ನೋಡಕೋತ ನಿಂತೀರಲ್ಲ, ಇಳೀರಿ!" ಅಪ್ಪ ಇಳಿದ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಮೇಲೆ ತೆಗೆದರು. ಆಮೇಲೆ ಸಿದ್ದಲಿಂಗವ್ವ ಮಗಳಿಗೆ ಕಲಿಸಿದ ಬುದ್ಧಿ ಒಂದೇ. "ಹಗೇವಿನ್ಯಾಗ ಯಾರರ ಬಿದ್ರ ಇಳೀಬ್ಯಾಡ ಮಗಳ. ದೇವರ ಬಿದ್ರೂ ಇಳೀಬ್ಯಾಡ." ಮದುವೆಯ ದಿನ ಆ ಕಂದೀಲನ್ನು ಸೀರೆಗಳ ನಡುವೆ ಇಟ್ಟು ಕಳಿಸಿದವಳೂ ಅವಳೇ.

ಹಾಳೂರಿನಲ್ಲಿ ಪಾಲಿಸಬೇಕಾದ ಇನ್ನೊಂದು ನಿಯಮವನ್ನೂ ಭುವನೇಶ್ವರಿ ತವರಿನಿಂದ ತಂದಿದ್ದಳು. ಅಲ್ಲಿ ಯಾರಾದರೂ ಕರೆದರೆ ಒಂದೇ ಕೂಗಿಗೆ ಓಗೊಡಬಾರದು. ದೆವ್ವ ಎರಡು ಸಲದ ಮೇಲೆ ಕರೆಯುವುದಿಲ್ಲ, ಮೂರನೆಯ ಸಲ ಕರೆದರೆ ಅದು ಮನುಷ್ಯರೇ. ಶ್ರೀಶೈಲನಿಗೆ ಇದು ಸಿಕ್ಕಿದ್ದೇ ತಡ, ಆಟವಾಯಿತು. ಬಿದ್ದ ಗೋಡೆಯ ಹಿಂದೆ ಅಡಗಿ ಕೂರುವುದು, ಇವಳು "ರೀ" ಅಂದರೆ ಸುಮ್ಮನಿರುವುದು, ಮತ್ತೆ "ರೀ" ಅಂದರೂ ಸುಮ್ಮನಿರುವುದು. ಮೂರನೆಯದಕ್ಕೆ "ಓ!" ಎಂದು ಎದುರಿಗೆ ಹಾರುವುದು. ಹೆದರಿದವರ ಮೇಲೆ ಹಾವು ಬಿಡುವುದೆಂದರೆ ಇದೇ. ಇವಳ ಜೀವ ಬಾಯಿಗೆ ಬರುತ್ತಿತ್ತು. ಅವನು ಹೊಟ್ಟೆ ಹಿಡಿದು ನಗುತ್ತಿದ್ದ. "ನಿಯಮ ನಿಂದ ಐತಲ್ಲ!"

ಎರಡು ಸಾವಿರದ ಇಸವಿಯ ಆಸುಪಾಸು. ಕೃಷ್ಣೆಗೆ ಕಟ್ಟಿದ ಆಣೆಕಟ್ಟಿನ ಹಿನ್ನೀರು ವರ್ಷ ವರ್ಷ ಮೇಲೇರಿ, ನದಿದಂಡೆಯ ಊರುಗಳು ಒಂದೊಂದಾಗಿ ಎದ್ದು ದಿನ್ನೆಯ ಮೇಲಿನ ಹೊಸ ಊರುಗಳಿಗೆ ಹೋಗುತ್ತಿದ್ದ ಕಾಲ. ಬಸವನ ಬಾಗೇವಾಡಿ ತಾಲೂಕಿನ ಅಂಥ ಒಂದು ಹೊಸ ಊರಿಗೆ ಶ್ರೀಶೈಲ ಮದುವೆಯ ಫೋಟೋ ತೆಗೆಯಲು ಹೋಗಿದ್ದ. ಮುದುಕರು ಹೇಳಿದರು, ಹಳೇ ಊರು ಕೆಳಗೆ ಹಾಗೆಯೇ ನಿಂತಿದೆ, ಹಿಂದಿನ ಮಳೆಗಾಲ ನೀರು ಊರ ಅಗಸೆಬಾಗಿಲ ತನಕ ಬಂದು ಇಳಿದು ಹೋಯಿತು, ಈ ಸಲ ಪೂರ್ತಿ ನುಂಗುತ್ತದೆ ಎಂದು. ಶ್ರೀಶೈಲನಿಗೆ ಊಟ ಸೇರದಾಯಿತು. ನೂರು ವರ್ಷದ ಹಿಂದೆ ಹಾಳಾದ ಊರುಗಳನ್ನು ಅವನು ನೋಡಿದ್ದ, ಈಗಷ್ಟೇ ಹಾಳಾಗುತ್ತಿರುವ ಊರನ್ನು ನೋಡಿರಲಿಲ್ಲ.

ಬೇಸಿಗೆಯ ಒಂದು ರವಿವಾರ ನಸುಕಿನಲ್ಲೇ ಹೊರಟರು. ಬಿಜಾಪುರ ದಾಟಿ ಬಸವನ ಬಾಗೇವಾಡಿಯಲ್ಲಿ ಚಹಾ ಕುಡಿದರು. ಭುವನೇಶ್ವರಿಗೆ ಎಡಗಣ್ಣೋ ಬಲಗಣ್ಣೋ ಒಂದು ಹಾರುತ್ತಿತ್ತು. ಅವಳಿಗೆ ಯಾವುದಾದರೂ ಒಂದು ಸದಾ ಹಾರುತ್ತಿತ್ತು, ಅದಕ್ಕೆ ಬೆಲೆ ಕೊಡಲಿಲ್ಲ. ಊರು ಮುಟ್ಟಿದಾಗ ಮಾತ್ರ ಗಂಡನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು.

ಬೇರೆ ಹಾಳೂರುಗಳಲ್ಲಿ ಗಿಡಗಂಟಿ ಬೆಳೆದು, ಕಲ್ಲು ಹಾಸು ಕರ್ರಗಾಗಿ, ಜನ ಇದ್ದರೆಂಬುದೇ ಕಥೆ ಅನ್ನಿಸುತ್ತಿತ್ತು. ಇಲ್ಲಿ ಗೋಡೆಯ ಮೇಲೆ ಸುಣ್ಣ ಇನ್ನೂ ಬೆಳ್ಳಗಿತ್ತು. ಅಡಿಗೆಮನೆಯಲ್ಲಿ ಒಲೆಯ ಮಸಿ ಇತ್ತು. ಬಾಗಿಲು, ಚೌಕಟ್ಟು, ತೊಲೆ, ಗೂಟ ಎಲ್ಲವನ್ನೂ ಕಿತ್ತೊಯ್ದಿದ್ದರು. ಮನೆಗಳೆಲ್ಲ ಹಲ್ಲು ಕಿತ್ತ ಬಾಯಿಯಂತೆ ತೆರೆದುಕೊಂಡಿದ್ದವು. ಒಂದು ಗೋಡೆಯ ಮೇಲೆ ಯಾವುದೋ ಕೂಸು ಇದ್ದಿಲಿನಿಂದ ಅ ಆ ಇ ಬರೆದಿತ್ತು. ಭುವನೇಶ್ವರಿ ಅದನ್ನು ನೋಡಿ ಅತ್ತಳು. ಶ್ರೀಶೈಲ ಅದರ ಫೋಟೋ ತೆಗೆದ.

"ನೀವು ಇಲ್ಲೇ ಇರ್ರಿ, ಎಲ್ಲೂ ಒಳಗ ಹೋಗಬ್ಯಾಡ್ರಿ. ನಾ ಗುಡಿಗೆ ದೀಪ ಹಚ್ಚಿ ಬರ್ತೇನಿ" ಎಂದಳು.

"ದೇವರನ್ನ ಹೊಸ ಊರಿಗೆ ಒಯ್ದಾರ. ದೀಪ ಯಾರಿಗೆ ಹಚ್ಚತಿ?"

"ಊರಿಗೆ."

ಗುಡಿ ಊರಾಚೆ ಅಗಸೆಯ ಬಳಿ. ಹನುಮಪ್ಪ ಎದ್ದುಹೋದ ಕಟ್ಟೆಯಲ್ಲಿ ಒಂದು ಕುಣಿ ಉಳಿದಿತ್ತು, ಅದರಲ್ಲಿ ಎಣ್ಣೆಜಿಡ್ಡು. ಅವಳು ಬತ್ತಿ ಹೊಸೆದು, ಕಂದೀಲು ಹೊತ್ತಿಸಿ, ದೀಪ ಇಟ್ಟು ಕೈಮುಗಿದಳು. ಹೊರಗೆ ಬಂದು ಕರೆದಳು. "ರೀ!"

ಉತ್ತರವಿಲ್ಲ. ಆಟ ಶುರುವಾಯಿತು ಎಂದುಕೊಂಡಳು. ನಾಲ್ಕು ಹೆಜ್ಜೆ ನಡೆದು ಮತ್ತೆ ಕರೆದಳು. ಸುಮ್ಮನೆ ಗಾಳಿ. ಸಿಟ್ಟು ಬಂತು, ಊರು ಮುಳುಗುವ ಹೊತ್ತಿನಲ್ಲೂ ಈ ಮನುಷ್ಯನಿಗೆ ಹುಡುಗಾಟ. ಬೇಕಂತಲೇ ತಡಮಾಡಿ, ಮುಖಕ್ಕೆ ನೀರು ಹಾಕಿಕೊಂಡು, ಮೂರನೆಯ ಸಲ ಜೋರಾಗಿ "ರೀ!" ಎಂದಳು. ಯಾವ ಗೋಡೆಯ ಹಿಂದಿನಿಂದಲೂ "ಓ" ಬರಲಿಲ್ಲ.

ಅಷ್ಟು ವರ್ಷದಲ್ಲಿ ಮೂರನೆಯ ಕೂಗು ತಪ್ಪಿದ್ದಿಲ್ಲ. ಭುವನೇಶ್ವರಿ ಓಡಿದಳು. ಕಂದೀಲು ಕಾಲಿಗೆ ಬಡಿಯುತ್ತಿತ್ತು. ಒಂದು ದೊಡ್ಡ ಮನೆಯ ಅಂಗಳದಲ್ಲಿ ಗಂಡನ ಚಪ್ಪಲಿ ಕಂಡವು. ಜೋಡಿಯಾಗಿ, ನೀಟಾಗಿ ಬಿಟ್ಟಿದ್ದವು. ಹಗೇವಿಗೆ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ, ಕಾಳು ಇಟ್ಟ ಜಾಗ ಲಕ್ಷ್ಮಿಯದು. ಅಷ್ಟು ಬುದ್ಧಿ ಇದ್ದವನಿಗೆ ಇನ್ನಷ್ಟು ಇರಬಾರದಿತ್ತೇ!

ಹಗೇವಿನ ಮುಚ್ಚುಗಲ್ಲನ್ನೂ ಜನ ಹೊಸ ಮನೆಗೆ ಒಯ್ದು, ಬಾಯಿಗೆ ಒಂದಷ್ಟು ಕಟ್ಟಿಗೆ, ತಗಡು ಹಾಕಿ ಹೋಗಿದ್ದರು. ಶ್ರೀಶೈಲ ಅದನ್ನು ಸರಿಸಿದ್ದ. ನೆಲದೊಳಗಿನಿಂದ ದುಂಡನೆಯ ಆಕಾಶದ ಫೋಟೋ ತೆಗೆಯಬೇಕೆಂಬುದು ಅವನ ಬಹಳ ದಿನದ ಆಸೆ. ಮುರಿದ ಜಂತಿಯೊಂದನ್ನು ಓರೆಯಾಗಿ ಇಳಿಬಿಟ್ಟು ಅದನ್ನು ಹಿಡಿದು ಜಾರಿದ್ದ. ತಳದಲ್ಲಿ ಉಳಿದ ಹೊಟ್ಟು, ಕಡೆಯ ಕಾಳು, ನೆಲದೊಳಗಿನಿಂದ ನದಿಯ ನೀರು ಜಿನುಗಿ ಕೊಳೆತಿದ್ದು ಅವನಿಗೆ ಗೊತ್ತಿರಲಿಲ್ಲ. ಹಗೇವು ಬಾಯಿ ತೆರೆದಿದ್ದರೆ ಸಾಕು, ಗಾಳಿ ಆಡುತ್ತದೆ ಎಂದುಕೊಂಡಿದ್ದ.

ಭುವನೇಶ್ವರಿ ಬಗ್ಗಿ ನೋಡಿದಳು. ಮೊದಲು ಬರೀ ಕತ್ತಲೆ. ಆಮೇಲೆ ಬಿಳಿ ಅಂಗಿ. ಅವನು ಗೋಡೆಗೆ ಒರಗಿ, ಕ್ಯಾಮರಾ ತೊಡೆಯ ಮೇಲಿಟ್ಟುಕೊಂಡು, ಊಟವಾದ ಮೇಲೆ ತೂಕಡಿಸುವವನಂತೆ ಕುಳಿತಿದ್ದ.

"ರೀ!"

ಅವನು ಮುಖ ಎತ್ತಿದ. ನಾಲಿಗೆ ತೊದಲುತ್ತಿತ್ತು. "ಭುವನಾ... ಬಾ. ಕೈ ಕೊಡ ಬಾ."

ಅವಳ ಒಂದು ಕಾಲು ಆಗಲೇ ಹಗೇವಿನೊಳಗೆ ಹೋಗಿತ್ತು. ಅದನ್ನು ಅವಳು ಇಡಲಿಲ್ಲ, ಅದೇ ಹೋಗಿತ್ತು. ಅಂಚಿನ ಮಣ್ಣು ಕುಸಿದು ಕೆಳಗೆ ಬಿತ್ತು. ಹೊರ್ತಿಯ ಅಂಗಳ ಕಣ್ಣೆದುರು ಬಂತು. ಅವ್ವ ಎದೆ ಬಡಿದುಕೊಳ್ಳುತ್ತಿದ್ದಳು, ಅಪ್ಪ ಇಳಿಯುತ್ತಿದ್ದ. ಇಂಡಿಯಲ್ಲಿ ಅಜ್ಜಿಯ ಬಳಿ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದ ಮಗಳ ಎರಡು ಜಡೆ ಕಂಡವು. ಭುವನೇಶ್ವರಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಜನ್ಮದಲ್ಲಿ ಅವಳು ಮಾಡಿದ ಕಷ್ಟದ ಕೆಲಸವೆಂದರೆ ಅದೇ, ಒಂದು ಕಾಲನ್ನು ಹಿಂದಕ್ಕೆ ತೆಗೆದದ್ದು.

"ಬಾ ಭುವನಾ."

ಸೆರಗಿನ ತುದಿಗೆ ಕಂದೀಲು ಕಟ್ಟಿ ಇಳಿಬಿಟ್ಟಳು. ದೀಪ ಹಗೇವಿನ ಕುತ್ತಿಗೆಯಲ್ಲಿ ಉರಿಯಿತು, ಹೊಟ್ಟೆಯಲ್ಲೂ ಉರಿಯಿತು, ಅವನ ತಲೆಯ ಹತ್ತಿರ ಬಂದದ್ದೇ ಸಣ್ಣಗಾಗಿ ಹಾರಿಹೋಯಿತು. ಮೇಲೆಳೆದು, ಕಡ್ಡಿ ಮುರಿಯುತ್ತ ಮುರಿಯುತ್ತ ಮತ್ತೆ ಹೊತ್ತಿಸಿ ಇಳಿಸಿದಳು. ಮತ್ತೆ ಅಲ್ಲೇ ಹಾರಿತು. ಅವಳಿಗೆ ತಿಳಿಯಿತು. ಕುಳಿತವನಿಗೆ ಸಾವು, ನಿಂತವನಿಗೆ ಉಸಿರು. ನಡುವೆ ಇರುವುದು ಎರಡು ಮೊಳ.

"ಎದ್ದ ನಿಂದರ್ರಿ! ಗ್ವಾಡಿ ಹಿಡದ ನಿಂದರ್ರಿ!"

"ನೀ ಬಾ..."

"ನಾ ಬರಂಗಿಲ್ಲ!"

ಆ ಮಾತು ಅವಳ ಬಾಯಿಂದಲೇ ಬಂತು. ಗಂಡ ಸಾಯುವ ಹೊತ್ತಿನಲ್ಲಿ ಕರೆದದ್ದಕ್ಕೆ ಹೆಂಡತಿ ಕೊಟ್ಟ ಉತ್ತರ. ಅವನ ತಲೆ ಎದೆಯ ಮೇಲೆ ಬಾಗಿತು. ಅವಳು ಊರೆಲ್ಲ ಕೇಳುವಂತೆ ಕಿರುಚಿದಳು. ಕೇಳಲು ಊರೇ ಇರಲಿಲ್ಲ.

ಒಬ್ಬ ಇದ್ದ. ದಸ್ತಗೀರಸಾಬ, ಆ ಊರಿನವನೇ. ಹೊಸ ಊರಿನಲ್ಲಿ ಆಡುಗಳು ಮೇಯುವುದಿಲ್ಲವೆಂದು ದಿನಾ ಇಲ್ಲಿಗೇ ಹೊಡೆದುಕೊಂಡು ಬರುತ್ತಿದ್ದ. ಕೂಗು ಕೇಳಿ ಓಡಿಬಂದು, ಒಳಗೆ ಇಣುಕಿ, ಕಂಬಳಿ ಎಸೆದು ಕಾಲು ಇಳಿಬಿಟ್ಟೇಬಿಟ್ಟ. ಭುವನೇಶ್ವರಿ ಅವನ ಅಂಗಿ ಹಿಡಿದು ಜಗ್ಗಿದಳು.

"ಬಿಡ್ರಿ ಅಕ್ಕಾರ! ಮನಷಾ ಸಾಯಾಕತ್ತಾನ್ರಿ!"

"ಇಳೀಬ್ಯಾಡ್ರಿ! ನೀವು ಇಳದ್ರ ಇಬ್ಬರಾಗ್ತೀರಿ. ನಮ್ಮಪ್ಪ ಹಿಂಗ ಇಳದ ಹೋದ!"

"ನಿಮ್ಮ ಮಾಲಕ್ರ ಅಲ್ಲೇನ್ರಿ ಅವರು?"

"ಹೌದ್ರಿ! ನನ್ನ ಗಂಡ್ರಿ! ಅದಕ್ಕ ಬ್ಯಾಡಂತೇನಿ! ಕಂಬಳಿ ಕೊಡ್ರಿ ಇತ್ತ!"

ದಸ್ತಗೀರಸಾಬ ಅವಳ ಮುಖ ನೋಡಿ ಕಾಲು ತೆಗೆದ. ಇಬ್ಬರೂ ಕಂಬಳಿಯ ಮೂಲೆ ಹಿಡಿದು ಹಗೇವಿನೊಳಗೆ ಬಿಡುವುದು, ಎಳೆಯುವುದು, ಬಿಡುವುದು, ಎಳೆಯುವುದು ಮಾಡಿದರು, ಬಾವಿಯಿಂದ ನೀರು ಸೇದಿದ ಹಾಗೆ ಗಾಳಿ ಸೇದಿದರು. ಕಂಬಳಿ ಸಾಲದೆಂದು ಭುವನೇಶ್ವರಿ ಉಟ್ಟ ಇಳಕಲ್ ಸೀರೆ ಬಿಚ್ಚಿ ಮಡಿಸಿ ಅದರಿಂದಲೂ ಬೀಸಿದಳು. ಲಂಗ ಕುಪ್ಪಸದ ಮೇಲೆ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ದಸ್ತಗೀರಸಾಬ ಮುಖ ಆಚೆ ತಿರುಗಿಸಿಕೊಂಡೇ ಎಳೆದ. ಕೆಟ್ಟ ಗಾಳಿ ಕದಡಲೆಂದು ಕುಡಿಯುವ ನೀರನ್ನೂ ಒಳಗೆ ಸುರಿದರು. ಅವಳ ಬಾಯಿ ಒಂದೇ ಸಮನೆ ಕೂಗುತ್ತಿತ್ತು. "ನಾ ಬರಂಗಿಲ್ಲ, ನೀವ ಏಳ್ರಿ! ಸತ್ರೂ ಬರಂಗಿಲ್ಲ ನಾ, ಏಳ್ರಿ!"

ಬಿಳಿ ಅಂಗಿ ಅಲುಗಿತು. ಶ್ರೀಶೈಲ ಏನೋ ಗೊಣಗಿದ. ಜಂತಿಯನ್ನು ತಡಕಿ ಹಿಡಿದ, ಒಮ್ಮೆ ಜಾರಿದ, ಮತ್ತೆ ಹಿಡಿದು ಎದ್ದು ನಿಂತ. ನಿಂತವನೇ ಕೆಮ್ಮಿದ. ಆ ಕೆಮ್ಮಿನಷ್ಟು ಒಳ್ಳೆಯ ಸಪ್ಪಳವನ್ನು ಭುವನೇಶ್ವರಿ ಹಿಂದೆಂದೂ ಕೇಳಿರಲಿಲ್ಲ. ಸೀರೆಗೆ ಆಡಿನ ಹಗ್ಗ ಗಂಟು ಹಾಕಿ, ಕುಣಿಕೆ ಮಾಡಿ ಇಳಿಸಿ, ಕೂಸಿಗೆ ಅಂಗಿ ತೊಡಿಸುವಾಗ ಹೇಳಿದಂತೆ "ಆ ಕೈ ಹಾಕ್ರಿ, ಇನ್ನ ಈ ಕೈ" ಎಂದು ಹೇಳಿ ಹೇಳಿ ತೋಳಿನ ಕೆಳಗೆ ಹಾಕಿಸಿದಳು. ಇಬ್ಬರೂ ಜಗ್ಗಿದರು. ಅವನು ಬಂದ. ಕ್ಯಾಮರಾ ಬರಲಿಲ್ಲ.

ಬಾಗೇವಾಡಿಯ ಡಾಕ್ಟರು ಎರಡು ದಿನ ಮಲಗಿಸಿ ಕಳಿಸಿದರು. ಇಂಡಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಇಂದುಬಾಯಿ ಹೇಳುವ ಕಥೆ ಒಂದೇ. "ನನ್ನ ಮಗ ಒಳಗ ಸಾಯಾಕತ್ತಿದ್ದ, ಈಕಿ ಮ್ಯಾಲ ಸೀರಿ ಬಿಚ್ಚಿ ಬೀಸಕೋತ ನಿಂತಿದ್ಲು. ಇಳಿಯಾಕ ಹ್ವಾದವನ್ನೂ ಹಿಡದ ಜಗ್ಗಿದಳಂತ." ಬಂದವರು ಭುವನೇಶ್ವರಿಯ ಕಡೆ ನೋಡಿ ಚಹಾ ಕುಡಿದು ಹೋಗುತ್ತಿದ್ದರು. ಆಡುವ ಬಾಯಿಗೆ ಅಡ್ಡಗೋಲು ಯಾರು ಹಾಕುತ್ತಾರೆ?

ಅತ್ತೆಯ ಮಾತು ಅವಳಿಗೆ ತಾಗಲಿಲ್ಲ. ಅವಳ ಭಯ ಬೇರೆ ಇತ್ತು. ಅವನು ಕರೆದಿದ್ದ, ಇವಳು ಬರುವುದಿಲ್ಲ ಅಂದಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಅವನಿಗೆ ನೆನಪಿದೆಯೋ ಇಲ್ಲವೋ? ಕೇಳಿದವರಿಗೆ ಅವನು "ಇಳದದ್ದ ನೆನಪೈತಿ, ಮುಂದಿಂದ ಇಲ್ಲ" ಅನ್ನುತ್ತಿದ್ದ. ಹಾಗನ್ನುವಾಗ ಇವಳ ಕಡೆ ನೋಡುತ್ತಿರಲಿಲ್ಲ. ಅದೇ ಅವಳ ನಿದ್ದೆ ಕೆಡಿಸಿತು. ಅವನು ಸ್ನಾನದ ಮನೆಯಿಂದ ಟವಲಿಗೆ "ಭುವನಾ, ಬಾ" ಅಂದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದಳು. ಹಾಲು ಉಕ್ಕುತ್ತಿತ್ತು, ರೊಟ್ಟಿ ಸೀಯುತ್ತಿತ್ತು. ಅವನು ಅಡಗಿ ಕೂರುವ ಆಟವನ್ನೂ ಬಿಟ್ಟಿದ್ದ. ರವಿವಾರಗಳಲ್ಲಿ ಸ್ಟುಡಿಯೋ ತೆರೆದು ಕೂರುತ್ತಿದ್ದ. ಅಂಜಲು ಏನೂ ಇಲ್ಲದ ರವಿವಾರಗಳಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಅಂಜಿದಳು.

ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ದಸ್ತಗೀರಸಾಬನ ಮಗಳ ಮದುವೆಗೆ ಕರೆ ಬಂತು. ಸಾಲದ ಕ್ಯಾಮರಾ ಹಿಡಿದು ಶ್ರೀಶೈಲ ಹೊರಟ. ಭುವನೇಶ್ವರಿ ಕೇಳದೆಯೇ ಹಿಂದೆ ಕುಳಿತಳು. ಮದುವೆ ಮುಗಿಸಿ ಮಧ್ಯಾಹ್ನ ದಿನ್ನೆ ಇಳಿದು ನೀರಿನ ಅಂಚಿಗೆ ಹೋದರು. ಊರು ಇರಲಿಲ್ಲ. ಹನುಮಪ್ಪನ ಗುಡಿಯ ಶಿಖರದ ತುದಿಯೊಂದು ನೀರಿನ ಮೇಲೆ ಮೊಣಕೈಯಷ್ಟು ಕಾಣುತ್ತಿತ್ತು. ಅದರ ಮೇಲೆ ಒಂದು ಕಾಗೆ.

ಶ್ರೀಶೈಲ ಕ್ಯಾಮರಾ ಎತ್ತಿದವನು ಫೋಟೋ ತೆಗೆಯದೆ ಇಳಿಸಿದ. ಆಮೇಲೆ, "ಆವತ್ತ ನಾ ನಿನ್ನ ಕರದಿದ್ದೆ" ಎಂದ.

ಭುವನೇಶ್ವರಿ ಚೀಲ ಕೆಳಗಿಟ್ಟಳು. ಅಲ್ಲೇ ಕಲ್ಲಿನ ಮೇಲೆ ಕುಳಿತಳು. "ನೆನಪೈತೇನ್ರಿ?"

"ಮೊದಲಿಂದ ಐತಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಾಕ ನಾಚಿಕಿ. ಒಳಗ ಭಾರಿ ಸುಖಾ ಆಗಿತ್ತ ಭುವನಾ. ಉಂಡ ಮಲಗಿದಂಗ. ಸಾಯಾಕತ್ತೇನಿ ಅಂತ ಗೊತ್ತಿತ್ತು, ಇರಲಿ ಬಿಡ ಅನಸ್ತಿತ್ತು. ನೀ ಬರಂಗಿಲ್ಲ ಅಂದಿ. ಬಂತ ನೋಡ ಸಿಟ್ಟ! ಕಟಗೊಂಡ ಗಂಡ ಕರದ್ರ ಬರಂಗಿಲ್ಲ ಅಂತಾಳ, ಮ್ಯಾಲ ಹೋಗಿ ಬರೋಬ್ಬರಿ ಬೈಬೇಕು ಈಕಿಗೆ ಅಂತ ಎದ್ದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತ ಬೈಲಿಲ್ಲಲ್ರಿ."

"ಮ್ಯಾಲ ಬಂದ ನೋಡಿದ್ರ ನೀ ಲಂಗದ ಮ್ಯಾಲ ನಿಂತ ಅಳಾಕತ್ತಿದ್ದಿ. ಏನಂತ ಬೈಲಿ?"

ಕಾಗೆ ಹಾರಿಹೋಯಿತು. ಇಷ್ಟು ತಿಂಗಳು ಒಳಗೇ ಇಟ್ಟುಕೊಂಡದ್ದನ್ನು ಭುವನೇಶ್ವರಿ ಈಗ ಹೇಳಲೇಬೇಕಾಯಿತು. ಅವನ ಮುಖ ನೋಡದೆ, ನೀರು ನೋಡುತ್ತ ಹೇಳಿದಳು.

"ನೀವು ಏಳದಿದ್ರೂ ನಾ ಇಳೀತಿದ್ದಿಲ್ರಿ."

"ಗೊತ್ತಿತ್ತು" ಎಂದ ಶ್ರೀಶೈಲ. "ಅದಕ್ಕ ಎದ್ದೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು, ಆ ದಿನ ಅಳದೆ ಉಳಿದದ್ದನ್ನೆಲ್ಲ ಅತ್ತಳು. ಅಳು ನಿಂತ ಮೇಲೆ ಅವನು ಮೋಟಾರು ತಿರುಗಿಸಲು ದಿನ್ನೆ ಹತ್ತಿದ. ಭುವನೇಶ್ವರಿ ಮುಖ ತೊಳೆದು, ಚೀಲದಿಂದ ಕಂದೀಲು ತೆಗೆದು, ನೀರಿನ ಅಂಚಿನ ಕಲ್ಲಿನ ಮೇಲೆ ಒಂದು ದೀಪ ಹಚ್ಚಿಟ್ಟಳು. ತಲೆಯೆತ್ತಿ ನೋಡಿದರೆ ಗಂಡ ಕಾಣಲಿಲ್ಲ. ಎದೆ ಹಳೆಯ ಅಭ್ಯಾಸದಂತೆ ಹೊಡೆದುಕೊಂಡಿತು.

"ರೀ!"

"ಓ" ಎಂದ ಅವನು, ಮೊದಲನೆಯ ಕೂಗಿಗೇ.